ಗಣಕಜಾಲ: ಸೇವೆ, ನಿಯಮ ಮತ್ತು ನಿರ್ವಹಣೆ

ಪಹಣಿ ಪತ್ರಕ್ಕಾಗಿ ನಾಡಕಚೇರಿಗೆ ಹೋದವರು, ಕ್ರಯಪತ್ರದ ನೋಂದಣಿಗಾಗಿ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಕಾದವರು, ಪಡಿತರ ಪಡೆಯಲು ನ್ಯಾಯಬೆಲೆ ಅಂಗಡಿಯ ಮುಂದೆ ಬೆರಳಚ್ಚು ಕೊಡಲು ನಿಂತವರು ಒಂದಲ್ಲ ಒಂದು ದಿನ ‘ಸರ್ವರ್ ಡೌನ್’ ಎಂಬ ಮಾತನ್ನು ಕೇಳಿಯೇ ಇರುತ್ತಾರೆ. ಈ ಎರಡು ಪದಗಳು ಈಗ ಹಳ್ಳಿಯವರ ಬಾಯಲ್ಲೂ ಸಲೀಸಾಗಿ ಓಡಾಡುತ್ತವೆ. ಮಳೆ ಬಾರದಿದ್ದುದಕ್ಕೆ ಕಾರಣ ಕೇಳದಂತೆಯೇ ಇದಕ್ಕೂ ಜನರು ಕಾರಣ ಕೇಳುವುದಿಲ್ಲ. ನಾಳೆ ಬರುತ್ತೇವೆಂದು ಹೇಳಿ ಹೊರಟುಹೋಗುತ್ತಾರೆ. ವಾಸ್ತವವಾಗಿ ಈ ಒಂದು ಮಾತಿನ ಹಿಂದೆ ಪರಸ್ಪರ ಸಂಬಂಧವಿಲ್ಲದ ಹಲವು ಬಗೆಯ ತೊಂದರೆಗಳು ಅಡಗಿರುವುದುಂಟು. ಅವುಗಳಲ್ಲಿ ಕೆಲವು ಅನಿವಾರ್ಯ. ಕೆಲವು ಮನುಷ್ಯರ ಉದಾಸೀನದಿಂದ ಆಗುವಂಥವು. ಗಣಕಜಾಲವೆಂದರೇನು, ಅದು ಯಾವ ನಿಯಮಗಳಿಗೆ ಒಳಪಟ್ಟು ನಡೆಯುತ್ತದೆ, ಅದನ್ನು ನೋಡಿಕೊಳ್ಳುವವರು ಏನು ಮಾಡುತ್ತಾರೆ ಎಂಬುದನ್ನು ಅರಿತರೆ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ.

ಆಸ್ಪತ್ರೆಯಲ್ಲಿ ಎರಡು ವಾರ

2022ರ ನವೆಂಬರ್ 23, ಬುಧವಾರ. ನವದೆಹಲಿಯ ಅನ್ಸಾರಿ ನಗರದಲ್ಲಿರುವ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ, ಅಂದರೆ ಜನಸಾಮಾನ್ಯರು ‘ಏಮ್ಸ್’ ಎಂದು ಕರೆಯುವ ಆಸ್ಪತ್ರೆಯಲ್ಲಿ, ಅಂದು ಬೆಳಗ್ಗೆ ನೋಂದಣಿಯ ಗಣಕಯಂತ್ರಗಳು ಕೆಲಸ ನಿಲ್ಲಿಸಿದವು. 1956ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಗೆ ದೇಶದ ಮೂಲೆಮೂಲೆಗಳಿಂದ ಪ್ರತಿನಿತ್ಯ ಸಾವಿರಾರು ಹೊರರೋಗಿಗಳು ಬರುತ್ತಾರೆ. ಕಲಬುರಗಿಯಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ಬರುವ ನಮ್ಮವರೂ ಅವರಲ್ಲಿ ಇರುತ್ತಾರೆ. ಅವರ ಕೈಯಲ್ಲಿ ಒಂದು ಚೀಟಿ. ಚೀಟಿಯ ಮೇಲೆ ಒಂದು ಗುರುತಿನ ಸಂಖ್ಯೆ. ಹಿಂದಿನ ಸಲ ಯಾವ ವೈದ್ಯರು ನೋಡಿದರು, ರಕ್ತಪರೀಕ್ಷೆಯಲ್ಲಿ ಏನು ಕಂಡಿತು, ಮುಂದಿನ ಶಸ್ತ್ರಚಿಕಿತ್ಸೆ ಎಂದು ಎಂಬ ವಿವರಗಳೆಲ್ಲ ಆ ಸಂಖ್ಯೆಗೆ ಜೋಡಿಸಲ್ಪಟ್ಟು ಸರ್ವರಿನಲ್ಲಿ ಇರುತ್ತವೆ. ಅಂದು ಆ ಸಂಖ್ಯೆಯನ್ನು ಒತ್ತಿದರೆ ಪರದೆಯ ಮೇಲೆ ಏನೂ ಮೂಡಲಿಲ್ಲ.

ಅಪರಿಚಿತ ದುಷ್ಕರ್ಮಿಗಳು ಆಸ್ಪತ್ರೆಯ ಗಣಕಜಾಲದೊಳಗೆ ನುಸುಳಿ ಕಡತಗಳನ್ನು ಗೂಢಲಿಪಿಗೆ ಪರಿವರ್ತಿಸಿದ್ದರು. ಅನಂತರ ಸಂಸತ್ತಿಗೆ ನೀಡಲಾದ ಲಿಖಿತ ಉತ್ತರಗಳ ಪ್ರಕಾರ ಐದು ಸರ್ವರುಗಳು ಬಾಧಿತವಾಗಿದ್ದವು, ಸುಮಾರು 1.3 ಟೆರಾಬೈಟುಗಳಷ್ಟು ಮಾಹಿತಿ ಓದಲು ಬಾರದಂತಾಗಿತ್ತು. ನೋಂದಣಿ, ದಾಖಲಾತಿ, ಬಿಡುಗಡೆ, ಪ್ರಯೋಗಾಲಯದ ವರದಿ ಮುಂತಾದ ಕೆಲಸಗಳನ್ನೆಲ್ಲ ಕಾಗದ ಮತ್ತು ಲೇಖನಿಯಿಂದ ನಡೆಸಬೇಕಾಯಿತು. ಬಹುಪಾಲು ಸೇವೆಗಳು ಮರಳಿ ಆರಂಭವಾಗಲು ಎರಡು ವಾರ ಹಿಡಿಯಿತು. ಇದಕ್ಕೆ ಕಾರಣವೇನೆಂದು ಸಂಸತ್ತಿನಲ್ಲಿ ಕೇಳಿದಾಗ ಸರ್ಕಾರ ಕೊಟ್ಟ ಉತ್ತರ ಬಹಳ ಸಂಕ್ಷಿಪ್ತವಾಗಿತ್ತು: ಜಾಲವನ್ನು ಸರಿಯಾಗಿ ವಿಭಾಗಿಸಿರಲಿಲ್ಲ. ಜಾಲವನ್ನು ವಿಭಾಗಿಸುವುದೆಂದರೇನು? ಇದನ್ನು ತಿಳಿಯಲು ಮೊದಲು ಜಾಲದ ರಚನೆಯನ್ನೇ ನೋಡಬೇಕಾಗುತ್ತದೆ.

ಕೇಳುವವರು, ಕೊಡುವವರು

ಎರಡು ಅಥವಾ ಹೆಚ್ಚು ಗಣಕಯಂತ್ರಗಳು ತಂತಿಯಿಂದಲೋ ಗಾಜಿನ ಎಳೆಯಿಂದಲೋ ರೇಡಿಯೋ ಅಲೆಗಳಿಂದಲೋ ಪರಸ್ಪರ ಸಂಪರ್ಕ ಹೊಂದಿ ಮಾಹಿತಿಯನ್ನು ವಿನಿಮಯ ಮಾಡಿಕೊಳ್ಳುವ ವ್ಯವಸ್ಥೆಯೇ ಗಣಕಜಾಲ. ಜಾಲದಲ್ಲಿರುವ ಯಂತ್ರಗಳಲ್ಲಿ ಕೆಲವು ಸೇವೆಯನ್ನು ಕೇಳುತ್ತವೆ, ಕೆಲವು ಸೇವೆಯನ್ನು ಒದಗಿಸುತ್ತವೆ. ಒದಗಿಸುವ ಯಂತ್ರಕ್ಕೆ ಸರ್ವರ್ ಎಂದು ಹೆಸರು. ನೋಂದಣಿ ಗುಮಾಸ್ತರ ಮೇಜಿನ ಮೇಲಿನ ಯಂತ್ರದಲ್ಲಿ ರೋಗಿಯ ವಿವರ ಇರುವುದಿಲ್ಲ. ಅದು ಕೇವಲ ಪ್ರಶ್ನೆ ಕೇಳುತ್ತದೆ. ಉತ್ತರ ಕೊಡುವ ಸರ್ವರ್ ಅದೇ ಕಟ್ಟಡದ ತಣ್ಣನೆಯ ಕೋಣೆಯೊಂದರಲ್ಲಿ ಇರಬಹುದು, ಸಾವಿರ ಮೈಲಿಯಾಚೆಯೂ ಇರಬಹುದು.

ಒಂದೇ ಕಟ್ಟಡದೊಳಗಿನ ಯಂತ್ರಗಳನ್ನು ಜೋಡಿಸುವ ಪೆಟ್ಟಿಗೆಗೆ ಸ್ವಿಚ್ ಎಂದೂ, ಒಂದು ಜಾಲದಿಂದ ಮತ್ತೊಂದು ಜಾಲಕ್ಕೆ ಮಾಹಿತಿಗೆ ದಾರಿ ತೋರುವ ಯಂತ್ರಕ್ಕೆ ರೌಟರ್ ಎಂದೂ ಹೆಸರು. ದೀಪದ ಸ್ವಿಚ್ಚಿಗೂ ಇದಕ್ಕೂ ಸಂಬಂಧವಿಲ್ಲವೆಂಬುದನ್ನು ಹೇಳಬೇಕಾದ ಅಗತ್ಯ ಬಹುಶಃ ಇಲ್ಲ.

ಮಾಹಿತಿ ಸಾಗುವ ಬಗೆ ಮಾತ್ರ ಕುತೂಹಲಕರವಾದುದು. ಹತ್ತು ಮೆಗಾಬೈಟ್ ಗಾತ್ರದ ಎದೆಯ ಕ್ಷ-ಕಿರಣ ಚಿತ್ರವೊಂದನ್ನು ಪ್ರಯೋಗಾಲಯದಿಂದ ವೈದ್ಯರ ಕೋಣೆಗೆ ಕಳುಹಿಸಬೇಕೆಂದು ಭಾವಿಸೋಣ. ಅದು ಇಡಿಯಾಗಿ ಹೋಗುವುದಿಲ್ಲ. ಸಾಮಾನ್ಯವಾಗಿ ಒಂದೊಂದೂ ಸಾವಿರದ ಐನೂರು ಬೈಟುಗಳನ್ನು ಮೀರದ, ಪ್ಯಾಕೆಟ್ ಎಂದು ಕರೆಯಲಾಗುವ ಸುಮಾರು ಏಳು ಸಾವಿರ ತುಣುಕುಗಳಾಗಿ ಒಡೆದು ಹೊರಡುತ್ತದೆ. ಪ್ರತಿಯೊಂದು ತುಣುಕಿನ ಮೇಲೂ ಕಳುಹಿಸಿದವರ ವಿಳಾಸ ಮತ್ತು ಸೇರಬೇಕಾದವರ ವಿಳಾಸವಿರುತ್ತದೆ. ಅದು ಚಿತ್ರದ ಎಷ್ಟನೆಯ ಭಾಗವೆಂಬುದರ ಗುರುತೂ ಇರುತ್ತದೆ. ದಾರಿಯಲ್ಲಿ ಕೆಲವು ಕಳೆದುಹೋಗಬಹುದು, ಹಿಂದಿನದು ಮುಂದಾಗಬಹುದು. ಆ ತುದಿಯ ಯಂತ್ರ ಎಲ್ಲವನ್ನೂ ಕ್ರಮವಾಗಿ ಜೋಡಿಸಿ, ಬಾರದೆ ಉಳಿದುದನ್ನು ಮತ್ತೆ ತರಿಸಿಕೊಂಡು, ಚಿತ್ರವನ್ನು ಪುನಃ ಇಡಿಯಾಗಿಸುತ್ತದೆ. ಇಷ್ಟೆಲ್ಲ ನಡೆಯುವುದು ಕಣ್ಣು ಮಿಟುಕಿಸುವಷ್ಟರಲ್ಲಿ.

ಪ್ರೋಟೋಕಾಲ್ ಎಂಬ ಮಾತು

ರಾಜಧಾನಿಯ ಸಚಿವಾಲಯಗಳಲ್ಲಿ ಕೆಲಸ ಮಾಡುವವರಿಗೆ ಪ್ರೋಟೋಕಾಲ್ ಎಂದೊಡನೆ ನೆನಪಾಗುವುದು ವಿದೇಶಿ ಅತಿಥಿಗಳನ್ನು ಬರಮಾಡಿಕೊಳ್ಳುವ ಕ್ರಮ: ಯಾರು ಮೊದಲು ಕೈ ಮುಗಿಯಬೇಕು, ಯಾರು ಯಾವ ಆಸನದಲ್ಲಿ ಕೂರಬೇಕು ಇತ್ಯಾದಿ. ಈ ಪದವನ್ನು ಕನ್ನಡಕ್ಕೆ ತರುವಾಗ ‘ಶಿಷ್ಟಾಚಾರ’ ಎಂದು ಬರೆಯುವ ರೂಢಿಯಿದೆ. ಗಣಕವಿಜ್ಞಾನದಲ್ಲಿ ಅದನ್ನೇ ಬಳಸುವುದು ಸರಿಯೇ ಎಂಬ ಸಂದೇಹ ಅನುವಾದಕನನ್ನು ಕಾಡುವುದು ಸಹಜ. ಯೋಚಿಸಿ ನೋಡಿದರೆ ಎರಡರ ತಿರುಳೂ ಒಂದೇ. ಒಬ್ಬರನ್ನೊಬ್ಬರು ಅರಿಯದ ಇಬ್ಬರು ತಪ್ಪಿಲ್ಲದೆ ವ್ಯವಹರಿಸಬೇಕಾದರೆ, ಮೊದಲು ಯಾರು ಮಾತನಾಡಬೇಕು, ಉತ್ತರ ಬಾರದಿದ್ದರೆ ಎಷ್ಟು ಹೊತ್ತು ಕಾಯಬೇಕು, ಹೇಗೆ ಮುಗಿಸಬೇಕು ಎಂಬುದು ಮುಂಚಿತವಾಗಿಯೇ ನಿಶ್ಚಯವಾಗಿರಬೇಕು. ಬೇರೆ ಬೇರೆ ದೇಶಗಳ, ಬೇರೆ ಬೇರೆ ಕಂಪನಿಗಳ ಯಂತ್ರಗಳು ಒಂದಕ್ಕೊಂದು ಅರ್ಥವಾಗುವುದು ಇಂತಹ ಒಪ್ಪಂದದಿಂದಲೇ.

ಇಂದಿನ ಅಂತರಜಾಲಕ್ಕೆ ಆಧಾರವಾಗಿರುವ ಒಪ್ಪಂದವನ್ನು ಟಿಸಿಪಿ/ಐಪಿ ಎನ್ನುತ್ತಾರೆ. ಅಮೆರಿಕದ ವಿಂಟ್ ಸರ್ಫ್ ಮತ್ತು ರಾಬರ್ಟ್ ಕಾಹ್ನ್ 1974ರಲ್ಲಿ ಇದರ ಮೂಲ ರೂಪರೇಖೆಯನ್ನು ಪ್ರಕಟಿಸಿದರು. 1983ರ ಜನವರಿ 1ರಂದು ಅಲ್ಲಿನ ಆರ್ಪಾನೆಟ್ ಜಾಲ ಇದನ್ನು ಅಳವಡಿಸಿಕೊಂಡಿತು. ಐಪಿ ಎಂಬ ಭಾಗ ವಿಳಾಸವನ್ನೂ ದಾರಿಯನ್ನೂ ನೋಡಿಕೊಳ್ಳುತ್ತದೆ. ಟಿಸಿಪಿ ಎಂಬ ಭಾಗ ತಲುಪಿತೇ ಇಲ್ಲವೇ ಎಂಬುದನ್ನು ಖಾತರಿಪಡಿಸಿಕೊಳ್ಳುತ್ತದೆ. ಹಿಂದೆ ರಿಜಿಸ್ಟರ್ಡ್ ಪತ್ರದೊಂದಿಗೆ ನಾವು ಲಗತ್ತಿಸುತ್ತಿದ್ದ ಸ್ವೀಕೃತಿ ಚೀಟಿಯಂತೆ, ಇಲ್ಲಿಯೂ ತುಣುಕುಗಳು ಮುಟ್ಟಿದ ಬಗ್ಗೆ ಮರುಸೂಚನೆ ಬರಲೇಬೇಕು. ಎಲ್ಲ ಕೆಲಸಗಳಿಗೂ ಇಷ್ಟು ಕಟ್ಟುನಿಟ್ಟು ಬೇಕಿಲ್ಲ. ಮುಖ ನೋಡಿ ಮಾತನಾಡುವ ಕರೆಯಲ್ಲಿ ಒಂದು ತುಣುಕು ಕಳೆದರೆ ಅದನ್ನು ಮತ್ತೆ ತರಿಸುವಷ್ಟರಲ್ಲಿ ಮಾತು ಮುಂದೆ ಸಾಗಿರುತ್ತದೆ. ಅಂತಹ ಕಡೆ ಸ್ವೀಕೃತಿಯ ಗೊಡವೆಯಿಲ್ಲದ ಯುಡಿಪಿ ಎಂಬ ಸರಳ ನಿಯಮವನ್ನು ಬಳಸುವುದುಂಟು. ಕರೆಯ ನಡುವೆ ಮುಖ ಚೂರುಚೂರಾಗಿ ಕಂಡರೂ ಧ್ವನಿ ಮುಂದುವರಿಯುವುದು ಇದರಿಂದಲೇ.

ಈ ತಳಹದಿಯ ಮೇಲೆ ಒಂದೊಂದು ಸೇವೆಗೂ ಒಂದೊಂದು ನಿಯಮಾವಳಿಯಿದೆ: ಮಿಂಚಂಚೆ ಕಳುಹಿಸಲು ಎಸ್‌ಎಂಟಿಪಿ, ಜಾಲಪುಟ ತರಿಸಲು ಎಚ್‌ಟಿಟಿಪಿ, ಅದನ್ನು ಬೇರೆಯವರು ಓದದಂತೆ ಗೂಢಲಿಪಿಯಲ್ಲಿ ತರಿಸಲು ಎಚ್‌ಟಿಟಿಪಿಎಸ್. ಜಾಲಕ್ಕೆ ಹೊಸದಾಗಿ ಸೇರಿದ ಯಂತ್ರಕ್ಕೆ ತಾನಾಗಿಯೇ ವಿಳಾಸ ಹಂಚುವ ನಿಯಮ ಡಿಎಚ್‌ಸಿಪಿ.

ಹೆಸರಿನಿಂದ ವಿಳಾಸಕ್ಕೆ

ಯಂತ್ರಗಳಿಗೆ ಅಂಕಿಗಳೇ ವಿಳಾಸ. ಮನುಷ್ಯರಿಗೆ ಹೆಸರು ಬೇಕು. ಇವೆರಡನ್ನೂ ಹೊಂದಿಸುವ ದೊಡ್ಡ ಕೈಪಿಡಿಯಂಥ ವ್ಯವಸ್ಥೆಯೇ ಡಿಎನ್‌ಎಸ್. ಅದು ಒಂದೇ ಕಡೆ ಇರುವ ಕೈಪಿಡಿಯಲ್ಲ. ಡಾಟ್ ಇನ್ ಎಂದು ಮುಗಿಯುವ ಹೆಸರುಗಳ ಹೊಣೆ ಭಾರತದ ರಾಷ್ಟ್ರೀಯ ಅಂತರಜಾಲ ವಿನಿಮಯ ಸಂಸ್ಥೆಯದು. ಅವುಗಳೊಳಗೆ ಗವ್ ಡಾಟ್ ಇನ್ ಎಂದು ಮುಗಿಯುವ ಸರ್ಕಾರಿ ಹೆಸರುಗಳ ಹೊಣೆ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ್ದು. ಸರ್ಕಾರಿ ಯೋಜನೆಯ ಹೆಸರಿನಲ್ಲಿ ಹಣ ಕೇಳುವ ಸಂದೇಶ ಬಂದಾಗ ಓದುಗರು ಮೊದಲು ನೋಡಬೇಕಾದುದು ಆ ಹೆಸರಿನ ಬಾಲವನ್ನು. ಕನ್ನಡ ಲಿಪಿಯಲ್ಲಿಯೇ ‘.ಭಾರತ’ ಎಂದು ಮುಗಿಯುವ ಹೆಸರುಗಳನ್ನೂ ಈಗ ಪಡೆಯಬಹುದು. ಅವು ಯಂತ್ರದೊಳಗೆ ರೋಮನ್ ಅಕ್ಷರಗಳ ಸಂಕೇತವಾಗಿ ಮಾರ್ಪಟ್ಟು ಸಂಚರಿಸುತ್ತವಾದರೂ ಬಳಸುವವರಿಗೆ ಕಾಣುವುದು ಕನ್ನಡವೇ. ಇದರ ಪ್ರಯೋಜನವನ್ನು ಕನ್ನಡಿಗರು ಇನ್ನೂ ಸಾಕಷ್ಟು ಪಡೆದಿಲ್ಲವೆಂಬುದು ಈ ಲೇಖಕನ ಅಭಿಪ್ರಾಯ.

ಸರ್ವರ್ ಸುಸ್ಥಿತಿಯಲ್ಲಿದ್ದು ಡಿಎನ್‌ಎಸ್ ಮಾತ್ರ ಕೆಟ್ಟಿದ್ದರೂ ಕಿಟಕಿಯ ಆಚೆ ಕುಳಿತವರು ಹೇಳುವುದು ‘ಸರ್ವರ್ ಡೌನ್’ ಎಂದೇ. ರಸ್ತೆ ಅಗೆಯುವಾಗ ಗಾಜಿನ ಎಳೆ ತುಂಡಾದಾಗಲೂ ಅದೇ ಮಾತು. ಬೀಗ ಹಾಕಿದ್ದ ಮನೆ, ವಿಳಾಸ ತಪ್ಪಿದ ಪತ್ರ, ಕುಸಿದ ಸೇತುವೆ ಈ ಮೂರಕ್ಕೂ ‘ಅಂಚೆ ಇಲ್ಲ’ ಎಂದು ಒಂದೇ ಉತ್ತರ ಕೊಟ್ಟಂತೆ ಇದು.

ದೆಹಲಿಯಿಂದ ಜಿಲ್ಲೆಗಳಿಗೆ

ನಮ್ಮ ದೇಶದ ಆಡಳಿತದಲ್ಲಿ ಗಣಕಜಾಲ ಬೆಳೆದ ಬಗೆಯನ್ನು ಇಲ್ಲಿ ಸ್ವಲ್ಪ ನೆನೆಯುವುದು ಯುಕ್ತ. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ, ಅಂದರೆ ಎನ್‌ಐಸಿ, 1976ರಲ್ಲಿ ದೆಹಲಿಯಲ್ಲಿ ಸ್ಥಾಪಿತವಾಯಿತು. ಇದನ್ನು ಕಟ್ಟಿ ಬೆಳೆಸಿದ ಪ್ರಥಮ ಮಹಾನಿರ್ದೇಶಕ ಡಾ. ಎನ್. ಶೇಷಗಿರಿಯವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವ್ಯಾಸಂಗ ಮಾಡಿದವರು. 1980ರ ದಶಕದ ಉತ್ತರಾರ್ಧದಲ್ಲಿ ಆರಂಭವಾದ ನಿಕ್‌ನೆಟ್ ಜಾಲ ಉಪಗ್ರಹದ ಮೂಲಕ ಜಿಲ್ಲಾ ಕೇಂದ್ರಗಳನ್ನು ರಾಜ್ಯದ ರಾಜಧಾನಿಗಳೊಂದಿಗೂ ದೆಹಲಿಯೊಂದಿಗೂ ಬೆಸೆಯಿತು. ದೂರವಾಣಿ ಸಂಪರ್ಕಕ್ಕೇ ಪರದಾಡಬೇಕಿದ್ದ ಆ ಕಾಲದಲ್ಲಿ ಜಿಲ್ಲಾಧಿಕಾರಿಗಳ ಕಚೇರಿಯ ಮೇಲೆ ಸಣ್ಣ ತಟ್ಟೆಯಂತಹ ಆಂಟೆನಾ ಏರಿದ್ದು ಸಾಮಾನ್ಯ ಸಂಗತಿಯಲ್ಲ. ಇದೇ ಕಾಲಕ್ಕೆ, 1986ರಲ್ಲಿ, ಎಲೆಕ್ಟ್ರಾನಿಕ್ಸ್ ಇಲಾಖೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಅರ್ನೆಟ್ ಎಂಬ ಶೈಕ್ಷಣಿಕ ಜಾಲವನ್ನು ಕೈಗೊಂಡಿತು. ಐದು ಐಐಟಿಗಳ ಜೊತೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಅದರಲ್ಲಿತ್ತು. ಸಾರ್ವಜನಿಕರಿಗೆ ಅಂತರಜಾಲ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ್ ಸಂಚಾರ್ ನಿಗಮದ ಮೂಲಕ.

ಆಗಿನ ಒಂದು ವಿಚಿತ್ರ ಸ್ಥಿತಿಯನ್ನು ಹೇಳಬೇಕು. ದೆಹಲಿಯಲ್ಲಿ ಒಂದು ಕಂಪನಿಯ ಸಂಪರ್ಕ ಪಡೆದವರು ಅದೇ ಊರಿನಲ್ಲಿ ಇನ್ನೊಂದು ಕಂಪನಿಯ ಸಂಪರ್ಕ ಪಡೆದವರಿಗೆ ಕಳುಹಿಸಿದ ಪತ್ರ ಅನೇಕ ವೇಳೆ ಸಮುದ್ರ ದಾಟಿ ವಿದೇಶಕ್ಕೆ ಹೋಗಿ ಹಿಂದಿರುಗಿ ಬರುತ್ತಿತ್ತು. ಪಕ್ಕದ ಮನೆಗೆ ಹೋಗಲು ಊರೆಲ್ಲ ಸುತ್ತಿದಂತೆ! ದೇಶದೊಳಗಿನ ಸಂಚಾರ ದೇಶದೊಳಗೇ ಸಾಗಬೇಕೆಂಬ ಉದ್ದೇಶದಿಂದ 2003ರಲ್ಲಿ ಮೇಲೆ ಹೇಳಿದ ಅಂತರಜಾಲ ವಿನಿಮಯ ಸಂಸ್ಥೆಯನ್ನು ಸ್ಥಾಪಿಸಿ, ದೆಹಲಿಯ ಮಗ್ಗುಲಲ್ಲಿರುವ ನೋಯ್ಡಾ ಮೊದಲಾದೆಡೆಗಳಲ್ಲಿ ಕಂಪನಿಗಳು ಪರಸ್ಪರ ಕೈ ಬದಲಾಯಿಸಿಕೊಳ್ಳುವ ಕೇಂದ್ರಗಳನ್ನು ತೆರೆಯಲಾಯಿತು.

ಕರ್ನಾಟಕದ ರೈತರ ಪಹಣಿಗಳನ್ನು ಗಣಕೀಕರಿಸಿದ ‘ಭೂಮಿ’ ಯೋಜನೆಯ ತಂತ್ರಾಂಶವನ್ನು ರೂಪಿಸಿದ್ದು ಎನ್‌ಐಸಿಯೇ. ಏಮ್ಸ್‌ನಲ್ಲಿ ಬಳಕೆಯಲ್ಲಿದ್ದ ‘ಇ-ಹಾಸ್ಪಿಟಲ್’ ತಂತ್ರಾಂಶವೂ ಅದರದೇ. ಜಮೀನು ಮತ್ತು ಜೀವ, ಎರಡರ ದಾಖಲೆಗಳೂ ಜಾಲವನ್ನು ಆಶ್ರಯಿಸಿದ ಮೇಲೆ, ಜಾಲವನ್ನು ಕಾಯುವವರ ಹೊಣೆ ಎಷ್ಟೆಂಬುದನ್ನು ಊಹಿಸಬಹುದು.

ನಿರ್ವಾಹಕರ ಕೆಲಸ

ಜಾಲ ನಿರ್ವಾಹಕರ ಕೆಲಸ ಚೆನ್ನಾಗಿ ನಡೆದಾಗ ಯಾರ ಕಣ್ಣಿಗೂ ಬೀಳುವುದಿಲ್ಲ. ಯಾರು ಯಾವ ಮಾಹಿತಿಯನ್ನು ನೋಡಬಹುದು, ಯಾರು ತಿದ್ದಬಹುದು ಎಂಬುದನ್ನು ನಿಗದಿಪಡಿಸುವುದು, ವರ್ಗವಾಗಿ ಹೋದವರ, ನಿವೃತ್ತರಾದವರ ಪ್ರವೇಶವನ್ನು ಅಂದೇ ರದ್ದುಪಡಿಸುವುದು, ತಂತ್ರಾಂಶಗಳಲ್ಲಿ ಕಂಡುಬರುವ ದೋಷಗಳಿಗೆ ತಯಾರಕರು ಕಳುಹಿಸುವ ತಿದ್ದುಪಡಿಗಳನ್ನು ತಡವಿಲ್ಲದೆ ಅಳವಡಿಸುವುದು, ಇವೆಲ್ಲ ನಿತ್ಯಕರ್ಮಗಳು. ಇಡೀ ವಿಭಾಗಕ್ಕೆ ಒಂದೇ ಗುಪ್ತಪದವಿಟ್ಟು ಅದನ್ನು ಪರದೆಯ ಅಂಚಿಗೆ ಚೀಟಿಯಲ್ಲಿ ಬರೆದು ಅಂಟಿಸುವ ಪದ್ಧತಿ ಎಷ್ಟೋ ಕಚೇರಿಗಳಲ್ಲಿ ಕಾಣಸಿಗುತ್ತದೆ. ಬೀಗದ ಕೈಯನ್ನು ಬಾಗಿಲಿಗೇ ನೇತುಹಾಕಿದ ಮೇಲೆ ಬೀಗವೇತಕ್ಕೆ?

ಇನ್ನು ಜಾಲವನ್ನು ವಿಭಾಗಿಸುವ ವಿಷಯ. ಹಿಂದಿನ ಕಾಲದಲ್ಲಿ ಹುಲ್ಲು ಹೊದಿಸಿದ ಮನೆಗಳ ಕೇರಿಯಲ್ಲಿ ಸೂರಿಗೆ ಸೂರು ತಾಗಿಕೊಂಡಿದ್ದರೆ ಒಂದು ಮನೆಯ ಒಲೆಯ ಕಿಡಿ ಕೇರಿಯನ್ನೇ ಸುಡುತ್ತಿತ್ತು. ನಡುವೆ ಓಣಿ ಬಿಟ್ಟು ಕಟ್ಟಿದ ಕಡೆ ಒಂದು ಮನೆಯ ನಷ್ಟದಲ್ಲಿಯೇ ಬೆಂಕಿ ನಿಲ್ಲುತ್ತಿತ್ತು. ಗಣಕಜಾಲದಲ್ಲಿಯೂ ಹಾಗೆಯೇ. ನೋಂದಣಿ ವಿಭಾಗ, ಪ್ರಯೋಗಾಲಯ, ಲೆಕ್ಕಪತ್ರ ಶಾಖೆ, ವಿದ್ಯಾರ್ಥಿ ನಿಲಯ ಇವುಗಳ ಯಂತ್ರಗಳೆಲ್ಲ ಒಂದೇ ಬಯಲಿನಲ್ಲಿ ಇದ್ದಂತೆ ಜೋಡಣೆಯಾಗಿದ್ದರೆ, ಎಲ್ಲೋ ಒಂದು ಮೂಲೆಯಲ್ಲಿ ಯಾರೋ ತೆರೆದ ಕಪಟ ಪತ್ರದಿಂದ ಒಳಬಂದ ದುಷ್ಟ ತಂತ್ರಾಂಶ ಮುಖ್ಯ ಸರ್ವರಿನವರೆಗೂ ತಡೆಯಿಲ್ಲದೆ ನಡೆದುಹೋಗುತ್ತದೆ. ಆದುದರಿಂದ ಜಾಲವನ್ನು ಕೋಣೆಗಳಾಗಿ ವಿಂಗಡಿಸಿ, ಕೋಣೆಯಿಂದ ಕೋಣೆಗೆ ಹೋಗುವ ಬಾಗಿಲಲ್ಲಿ ಫೈರ್‌ವಾಲ್ ಎಂಬ ಕಾವಲನ್ನಿಟ್ಟು, ಇಂಥ ಯಂತ್ರ ಇಂಥ ಸರ್ವರಿಗೆ ಇಂಥ ಸೇವೆಗಾಗಿ ಮಾತ್ರ ಹೋಗಬಹುದೆಂದು ನಿಯಮ ಮಾಡಬೇಕಾಗುತ್ತದೆ. ಇದಕ್ಕೆ ಭಾರಿ ಹಣಕ್ಕಿಂತ ತಾಳ್ಮೆಯೇ ಹೆಚ್ಚು ಬೇಕು: ಯಾವ ಯಂತ್ರ ಎಲ್ಲಿದೆ, ಅದು ಯಾರೊಂದಿಗೆ ಮಾತನಾಡುತ್ತದೆ ಎಂಬ ಪಟ್ಟಿಯನ್ನು ಮೊದಲು ಸಿದ್ಧಪಡಿಸಬೇಕು. ವರ್ಷಾನುಗಟ್ಟಲೆ ಒಂದೊಂದು ತಂತಿಯಾಗಿ ಬೆಳೆದುಬಂದ ದೊಡ್ಡ ಸಂಸ್ಥೆಗಳಲ್ಲಿ ಇಂತಹ ಪಟ್ಟಿಯೇ ಇರುವುದಿಲ್ಲ.

ಮತ್ತೊಂದು ಕೆಲಸ ದಿನಚರಿಯನ್ನು ಕಾಪಾಡುವುದು. ಯಾವ ಯಂತ್ರಕ್ಕೆ ಯಾರು ಯಾವ ಕ್ಷಣದಲ್ಲಿ ಪ್ರವೇಶಿಸಿದರೆಂಬುದನ್ನು ಯಂತ್ರಗಳು ತಾವೇ ಬರೆದಿಡುತ್ತವೆ. ಇದನ್ನು ಲಾಗ್ ಎನ್ನುತ್ತಾರೆ. ಕಳ್ಳ ಮೊದಲು ಯಾವ ಬಾಗಿಲಿನಿಂದ ಬಂದ, ಆಮೇಲೆ ಎಲ್ಲಿಗೆ ಹೋದ ಎಂಬುದನ್ನು ತಿಳಿಯಲು ಇದೊಂದೇ ಸಾಕ್ಷಿ. ಆದರೆ ಐದು ಯಂತ್ರಗಳ ಗಡಿಯಾರಗಳು ಐದು ಬಗೆಯ ಸಮಯ ತೋರಿಸುತ್ತಿದ್ದರೆ ಸಾಕ್ಷಿಯೇ ಗೊಂದಲವಾಗುತ್ತದೆ. ಎರಡು ನಿಮಿಷದ ವ್ಯತ್ಯಾಸವಿದ್ದರೂ ಕಾರಣ ಯಾವುದು, ಪರಿಣಾಮ ಯಾವುದು ಎಂಬುದು ತಲೆಕೆಳಗಾದೀತು. ಗಡಿಯಾರಗಳನ್ನು ಹೊಂದಿಸುವ ಪ್ರೋಟೋಕಾಲೂ ಒಂದುಂಟು, ಅದರ ಹೆಸರು ಎನ್‌ಟಿಪಿ. ಭಾರತದ ಅಧಿಕೃತ ಕಾಲವನ್ನು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಪರಮಾಣು ಗಡಿಯಾರಗಳ ನೆರವಿನಿಂದ ನಿರ್ಧರಿಸುತ್ತದೆ. ಗಣಕ ಭದ್ರತೆಯ ತುರ್ತು ಸ್ಥಿತಿಗಳನ್ನು ನೋಡಿಕೊಳ್ಳಲು 2004ರಲ್ಲಿ ಆರಂಭವಾದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿ, ಈ ಪ್ರಯೋಗಾಲಯದ ಅಥವಾ ಎನ್‌ಐಸಿಯ ಸಮಯಕ್ಕೆ ಹೊಂದಿಕೊಳ್ಳಬೇಕೆಂದೂ, ಲಾಗ್‌ಗಳನ್ನು 180 ದಿನಗಳ ಕಾಲ ಉಳಿಸಿಕೊಳ್ಳಬೇಕೆಂದೂ, ಅಕ್ರಮ ಪ್ರವೇಶ ಗಮನಕ್ಕೆ ಬಂದ ಆರು ಗಂಟೆಗಳೊಳಗೆ ವರದಿ ಮಾಡಬೇಕೆಂದೂ ತಿಳಿಸಿತು. ಆಸ್ಪತ್ರೆಯ ಘಟನೆ ನಡೆದದ್ದು ಇದಾದ ಏಳು ತಿಂಗಳಿಗೆ.

ಕೊನೆಯಲ್ಲಿ ಆಸ್ಪತ್ರೆಯನ್ನು ಉಳಿಸಿದ್ದು ಯಾವುದೇ ಚಮತ್ಕಾರವಲ್ಲ. ಮಾಹಿತಿಯ ಇನ್ನೊಂದು ಪ್ರತಿಯಿದ್ದ ಬ್ಯಾಕಪ್ ಸರ್ವರ್ ದುಷ್ಕರ್ಮಿಗಳ ಕೈಗೆ ಸಿಕ್ಕಿರಲಿಲ್ಲ. ಇ-ಹಾಸ್ಪಿಟಲ್‌ನ ಮಾಹಿತಿಯೆಲ್ಲವನ್ನೂ ಅದರಿಂದ ತೆಗೆದು ಹೊಸ ಸರ್ವರುಗಳಲ್ಲಿ ಪ್ರತಿಷ್ಠಾಪಿಸಲಾಯಿತು. ಮಾಹಿತಿ ಕೈಗೆ ಬಂದ ಮೇಲೂ ಸೇವೆ ಕೂಡಲೇ ಆರಂಭವಾಗಲಿಲ್ಲ. ಆಸ್ಪತ್ರೆಯ ಗಣಕಯಂತ್ರಗಳನ್ನು ಪರೀಕ್ಷಿಸಿ ಶುದ್ಧಗೊಳಿಸದೆ ಮತ್ತೆ ಜೋಡಿಸಿದ್ದರೆ ಉಳಿದಿದ್ದ ಕಿಡಿ ಪುನಃ ಹೊತ್ತಿಕೊಳ್ಳುವ ಅಪಾಯವಿತ್ತು. ತಿಳಿದವರು ಮಹತ್ವದ ಮಾಹಿತಿಯ ಮೂರು ಪ್ರತಿಗಳನ್ನು ಎರಡು ಬೇರೆ ಬಗೆಯ ಸಾಧನಗಳಲ್ಲಿ ಇಟ್ಟು, ಅವುಗಳಲ್ಲಿ ಒಂದನ್ನಾದರೂ ಬೇರೆ ಸ್ಥಳದಲ್ಲಿ, ಜಾಲದ ಸಂಪರ್ಕವಿಲ್ಲದಂತೆ ಇರಿಸಬೇಕೆನ್ನುತ್ತಾರೆ. ಇಷ್ಟೇ ಸಾಲದು. ಪ್ರತಿಯಿಂದ ಮಾಹಿತಿಯನ್ನು ಹಿಂದಕ್ಕೆ ತರಲು ಸಾಧ್ಯವೇ ಎಂದು ಆಗಾಗ ಪರೀಕ್ಷಿಸಿಯೂ ನೋಡಬೇಕು. ಪ್ರತಿ ಇದೆಯೆಂದು ನಂಬಿ ಕುಳಿತು, ಬೇಕಾದ ದಿನ ಅದು ತೆರೆಯದೆ ಹೋದ ಕಚೇರಿಗಳುಂಟು.

ರಜಾದಿನದ ರಾತ್ರಿಗಳಲ್ಲಿ ಕೆಲವು ಬ್ಯಾಂಕುಗಳ, ಸರ್ಕಾರಿ ಇಲಾಖೆಗಳ ಜಾಲತಾಣಗಳಲ್ಲಿ ‘ನಿರ್ವಹಣೆಯ ನಿಮಿತ್ತ ಸೇವೆ ಸ್ಥಗಿತ’ ಎಂಬ ಸೂಚನೆ ಕಾಣಿಸಿಕೊಳ್ಳುತ್ತದೆ. ಓದುಗರು ಅದನ್ನು ‘ಸರ್ವರ್ ಡೌನ್’ ಎಂಬುದಕ್ಕೆ ಸಮಾನವೆಂದು ತಿಳಿಯಬಾರದು. ಇಲ್ಲಿ ಸೇವೆ ತಾನಾಗಿ ನಿಂತಿರುವುದಿಲ್ಲ, ಯೋಚಿಸಿ ನಿಲ್ಲಿಸಿರುತ್ತಾರೆ. ಆ ವೇಳೆಯಲ್ಲಿ ಯಾರೋ ಒಬ್ಬ ನಿರ್ವಾಹಕರು ತಣ್ಣನೆಯ ಕೋಣೆಯಲ್ಲಿ ಕುಳಿತು ತಿದ್ದುಪಡಿಗಳನ್ನು ಅಳವಡಿಸುತ್ತಲೋ, ಹಳೆಯ ಪ್ರತಿಯಿಂದ ಮಾಹಿತಿ ಮರಳಿ ಬರುತ್ತದೆಯೇ ಎಂದು ಪರೀಕ್ಷಿಸುತ್ತಲೋ ಇರುತ್ತಾರೆ.